ಮಹಾದೇವಿಗೆ ಹೊಲಿದ ಹಿಂದಿನ ಸೀಟು

ಮಹಾದೇವಿ ಕಿಡ್ನಿ ಕೆಟ್ಟು ಸತ್ತಳು ಅಂತ ಇಂಗಳೇಶ್ವರದಲ್ಲಿ ಹೇಳುತ್ತಾರೆ. ಅಲ್ಲ. ಕಿಡ್ನಿ ಕೆಟ್ಟವರು ರಕ್ತ ತೊಳೆಯುವ ಮಷಿನ್ನಿಗೆ ಹೋಗಿ ಬಂದು ವರ್ಷಗಟ್ಟಲೆ ಬದುಕಿದ್ದನ್ನು ನಾನು ನೋಡಿದ್ದೇನೆ. ಅವಳು ಸತ್ತದ್ದು ಮೋಟರ್‌ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಕೂರಲಿಕ್ಕೆ ಆಗದೆ. ಆ ಸೀಟು ಹೊಲಿದವಳು ನಾನು. ಸೀಟು ಚೆನ್ನಾಗಿತ್ತು. ಈಗಲೂ ಚೆನ್ನಾಗಿದೆ, ಒಂದು ಹೊಲಿಗೆ ಬಿಚ್ಚಿಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸೀಟಿನ ಕೆಲಸಕ್ಕೆ ಇಳಿಯಬೇಕು ಅಂತಿರುವ ಹುಡುಗರು, ಹುಡುಗಿಯರು ಇದನ್ನು ಓದಬಹುದು. ಕೆಲಸ ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಒಳ್ಳೆಯ ಸೀಟು ಹೊಲಿದುಬಿಟ್ಟರೆ ಜನರ ತ್ರಾಸು ಹೋಗುತ್ತದೆ ಅಂತ ತಿಳಿದು ಬರಬೇಡಿ.

ನನ್ನ ಅಂಗಡಿ ಬಸವನ ಬಾಗೇವಾಡಿಯಲ್ಲಿ ಇತ್ತು, ಬಿಜಾಪುರ ರಸ್ತೆಗೆ ಹತ್ತಿಕೊಂಡು. ಪಕ್ಕದಲ್ಲಿ ಮೈಬೂಬನ ಪಂಕ್ಚರ್ ಅಂಗಡಿ. ಅವನದು ಈಗಲೂ ನಡೆದಿದೆ, ನನ್ನದು ಮುಚ್ಚಿದೆ. ಕಣ್ಣು ಮಂಜಾಗಿವೆ. ಹೆಬ್ಬೆರಳಿನ ಗೆಣ್ಣು ಬಾತು ದಬ್ಬಣ ಹಿಡಿಯಲಿಕ್ಕೆ ಬರುವುದಿಲ್ಲ. ನಾನು ಕಲಿತದ್ದು ಮೂರನೇ ಇಯತ್ತೆ. ಬರೆಯುವುದು ನಿಧಾನ, ಅಕ್ಷರ ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ಮೊದಲು ನಾನು ಕೌದಿ ಹೊಲಿಯುತ್ತಿದ್ದೆ. ಹಳೆ ಸೀರೆ, ಹರಿದ ಧೋತರ, ಯಾರ ಮನೆಯದೋ ಅಂಗಿ, ಎಲ್ಲ ಪದರ ಮೇಲೆ ಪದರ ಹಾಸಿ ಕೈಯಿಂದ ಹೊಲಿಗೆ ಹಾಕುವುದು. ಗಂಡ ತೀರಿಕೊಂಡ ಮೇಲೆ ಅದರಿಂದ ಮನೆ ನಡೆಯಲಿಲ್ಲ. ಆಗ ನಮ್ಮೂರಲ್ಲಿ ಹುಸೇನಸಾಬ ಅಂತ ಒಬ್ಬ ಉಸ್ತಾದ ಇದ್ದ. ಟಾಂಗಾದ ಗಾದಿಯಿಂದ ಹಿಡಿದು ಟ್ರ್ಯಾಕ್ಟರ್, ಮೋಟರ್‌ಸೈಕಲ್ ತನಕ ಎಲ್ಲದರ ಸೀಟು ಹೊಲಿಯುತ್ತಿದ್ದ. ಗೋಡೆಯ ಮೇಲೆ ಒಣಹಾಕಿದ್ದ ನನ್ನ ಕೌದಿಯನ್ನು ಅವನು ಹಾದುಹೋಗುವಾಗ ನೋಡಿ ನಿಂತ. ಎರಡೂ ಕೈಯಲ್ಲಿ ಹಿಡಿದು ಜಗ್ಗಿದ.

"ಯಾರು ಹೊಲದದ್ದು ಇದನ್ನ?"

"ನಾನ."

"ರೆಕ್ಸಿನ್ ಹೊಲಿತಿಯೇನು?"

"ದಬ್ಬಣ ಕೊಟ್ರ ಕಲ್ಲು ಹೊಲಿತೇನಿ."

"ಕಲ್ಲು ಬ್ಯಾಡವಾ. ಈ ಮಂದಿ ಕುಂಡಿ ತಡಕೊಳ್ಳೂವಂಥದ್ದು ಹೊಲಿ, ಸಾಕು."

ನನ್ನ ನೌಕರಿಯ ಪರೀಕ್ಷೆ ಅಷ್ಟೇ. ಮರುದಿನದಿಂದ ಅವನ ಅಂಗಡಿಯಲ್ಲಿ ಕೂತೆ.

ಉಸ್ತಾದ ಸಿಟ್ಟಿನ ಮನುಷ್ಯ. ಗಿರಾಕಿಗಳನ್ನೂ ಬೈಯುತ್ತಿದ್ದ. ಫೋಮು ನೋಡುವಾಗ ಎಲ್ಲರೂ ಮಾಡುವುದು ಒಂದೇ. ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿದ್ದರೆ ತಲೆಯಾಡಿಸುತ್ತಾರೆ. ಹಾಗೆ ಒತ್ತಿದವನಿಗೆ ಅವನು, "ಏನೋ, ಹೆಬ್ಬಟ್ಟಿನ ಮ್ಯಾಲ ಕುಂತು ಹೋಗಾಂವೇನು ಸೊಲ್ಲಾಪುರಕ್ಕ?" ಅನ್ನುತ್ತಿದ್ದ. ಆಮೇಲೆ ಬರೀ ಫೋಮಿನ ತುಂಡಿನ ಮೇಲೆ ಅವನನ್ನು ಕೂರಿಸಿ ಚಹಾ ತರಿಸುತ್ತಿದ್ದ. ಮಳೆ, ಬೆಳೆ, ಮಗಳ ಲಗ್ನ, ಏನಾದರೂ ಮಾತು ತೆಗೆದು ಏಳಲಿಕ್ಕೆ ಬಿಡುತ್ತಿರಲಿಲ್ಲ. ಚಹಾ ಮುಗಿಯುವುದರೊಳಗೆ ಆ ಮನುಷ್ಯ ಅತ್ತಿತ್ತ ಮಿಸುಕಾಡಿದರೆ ಆ ಫೋಮು ಅವನಿಗೆ ಆಗಲಿಲ್ಲ ಅಂತ. ತಾಸುಗಟ್ಟಲೆ ಕೂತರೂ ಮಿಸುಕಾಡದೆ ಇರುವುದು ಮೆತ್ತಗಿನದರ ಮೇಲೆ ಅಲ್ಲ, ಬಿಗಿಯಾದದ್ದರ ಮೇಲೆ. ಮೆತ್ತಗಿನದು ಹತ್ತು ಮೈಲಿ ಸುಖ. ಆಮೇಲೆ ಅದು ಪೂರಾ ಅಮುಕಿ, ನೀವು ಕೂತಿರುವುದು ತಳದ ತಗಡಿನ ಮೇಲೆ.

ಇನ್ನೊಂದು ಅವನ ಪದ್ಧತಿ, ಹಸಿ ಉಸುಕಿನ ಚೀಲ. ತೆಳ್ಳಗೆ ಉಸುಕು ತುಂಬಿದ ಚೀಲವನ್ನು ಸೀಟಿನ ಮೇಲೆ ಹಾಸಿ ಗಿರಾಕಿಯನ್ನು ಕೂರಿಸಿ ಎಬ್ಬಿಸುವುದು. ಕುಂಡಿಯ ಎಲುಬು ಎರಡು ಕುಣಿ ಮಾಡಿರುತ್ತವೆ. ಎಲ್ಲಿ ಕುಣಿ ಬಿತ್ತೋ ಅಲ್ಲಿ ಗಟ್ಟಿ ಫೋಮು, ಸುತ್ತ ಸ್ವಲ್ಪ ಮೆತ್ತಗಿನದು. ಕೆಳಗೆ ನಾನು ಕೌದಿಯ ಹಾಗೆ ಬಟ್ಟೆ ಪದರು ಹೊಲಿದು ಹಾಕುತ್ತಿದ್ದೆ. ಕೌದಿ ಅಮುಕುತ್ತದೆ, ಆದರೆ ಕುಸಿಯುವುದಿಲ್ಲ. ಅದು ನನ್ನದೇ ಜೋಡಣೆ. ಉಸ್ತಾದ ನೋಡಿ ಏನೂ ಅನ್ನಲಿಲ್ಲ. ಅವನು ಏನೂ ಅನ್ನದಿದ್ದರೆ ಸರಿ ಇದೆ ಅಂತ ಅರ್ಥ. ಅವನು ಸತ್ತ ಮೇಲೆ ಉಸುಕಿನ ಚೀಲ ನನಗೆ ಬಂತು, ಅಂಗಡಿಯೂ ಬಂತು.

ಕೆಡಿಸಿದ್ದೂ ಉಂಟು. ಮುದ್ದೇಬಿಹಾಳದ ಬೀಜದ ಏಜಂಟ ಒಬ್ಬ, ಯಾರದೋ ಮನೆಯಲ್ಲಿ ಸೋಫಾ ನೋಡಿ, ಅಂಥದೇ ಗುಂಡಿ ಹಾಕಿದ ಸೀಟು ಬೇಕು ಅಂದ. ನನಗೂ ಹೊಸದು ಮಾಡುವ ಹುರುಪು. ಸಾಲು ಸಾಲಾಗಿ ಗುಂಡಿ ಜಗ್ಗಿ ಹೊಲಿದೆ, ನೋಡಲಿಕ್ಕೆ ಚಂದ ಕಾಣಿಸಿತು. ಸಿಂದಗಿ ತನಕ ಹೋಗಿ ಬಂದವನು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಬಾಗಿಕೊಂಡೇ ಇಳಿದ.

"ಕುಂಡ್ರಪಾ," ಅಂದೆ.

"ಬ್ಯಾಡ್ರಿ ಗಂಗವ್ವಾರ, ನಿಂತಿರತೇನಿ. ನಿಮ್ಮ ಗುಂಡಿ ಎಲ್ಲೆಲ್ಲಿ ಅದಾವು, ಕಣ್ಣು ಮುಚ್ಚಿ ಹೇಳ್ಲೇನು?"

ಮೈಬೂಬ ಟ್ಯೂಬು ಬಿಟ್ಟು ನೆಲಕ್ಕೆ ಕೂತು ನಕ್ಕ. ಕೂರುವ ಜಾಗದಲ್ಲಿ ಗುಂಡಿ ಬೇಡ, ಹೊಲಿಗೆಯೂ ಬೇಡ. ಹೊಲಿಗೆ ಏನಿದ್ದರೂ ಅಂಚಿಗೆ.

ಇಂಡಿಯ ಲಿಂಬೆಹಣ್ಣಿನ ವ್ಯಾಪಾರಿಯೊಬ್ಬನಿಗೆ ಸೀಟು ಮೂರು ಸಲ ಬಿಚ್ಚಿ ಹೊಲಿದರೂ ಬೆನ್ನುನೋವು ಹೋಗಲಿಲ್ಲ. ಕಡೆಗೆ ನೋಡಿದರೆ ಸೀಟಿನದಲ್ಲ, ಹ್ಯಾಂಡಲ್ ದೂರ ಇತ್ತು, ಇಡೀ ದಾರಿ ಬಾಗಿಕೊಂಡೇ ಹೋಗುತ್ತಿದ್ದ. ಮೈಬೂಬ ಹ್ಯಾಂಡಲ್ ಹಿಂದಕ್ಕೆ ತಿರುಗಿಸಿ ಬಿಗಿದ, ಟೈರಿನ ಹವಾ ಒಂದಿಷ್ಟು ಬಿಟ್ಟ, ನೋವು ಅರ್ಧ ಹೋಯಿತು. ಗೊಳಸಂಗಿಯ ಮಾಸ್ತರರಿಗೆ ಬಿಸಿಲಿನ ತ್ರಾಸು. ಸಾಲಿ ಮುಂದೆ ಗಾಡಿ ನಿಂತು ಕಪ್ಪು ರೆಕ್ಸಿನ್ ರೊಟ್ಟಿಯ ಹಂಚಿನ ಹಾಗೆ ಕಾಯುತ್ತಿತ್ತು. ಅದಕ್ಕೆ ಕಂಬಳಿ ಕತ್ತರಿಸಿ ಮೇಲಿನ ಕವರು ಹೊಲಿದೆ. ಕಂಬಳಿ ಕಾಯುವುದಿಲ್ಲ, ಬೆವರು ಹಿಡಿಯುವುದಿಲ್ಲ.

ಇವೆಲ್ಲ ಗಂಡಸರ ಮಾತು. ಇಷ್ಟು ವರ್ಷದಲ್ಲಿ ಆ ಉಸುಕಿನ ಚೀಲದ ಮೇಲೆ ಒಬ್ಬ ಹೆಂಗಸು ಕೂತಿರಲಿಲ್ಲ. ಗಾಡಿ ತರುವವರು ಗಂಡಸರು, ಕೂತು ನೋಡುವವರು ಗಂಡಸರು. ಹಿಂದೆ ಕೂರುವವಳು ಕೈಯಲ್ಲಿ ಚೀಲ ಹಿಡಿದು, ಮೈಬೂಬನ ಅಂಗಡಿಯ ನೆರಳಿಗೆ ನಿಂತಿರುತ್ತಿದ್ದಳು. ನಮ್ಮ ಕಡೆ ಹೆಂಗಸರು ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಅಡ್ಡ ಕೂರುತ್ತಾರೆ. ಹಳೆ ಗಾಡಿಯ ಸೀಟು ಉದ್ದಕ್ಕೂ ಒಂದೇ ಸಮ ಇತ್ತು, ಹೇಗೋ ನಡೆಯುತ್ತಿತ್ತು. ಈಗಿನ ಗಾಡಿಗಳಿಗೆ ಹಿಂದಿನ ಸೀಟು ಗುಬ್ಬಿ ಕೂರುವಷ್ಟು, ಅದೂ ಮೇಲಕ್ಕೆ ಎದ್ದು ಮುಂದಕ್ಕೆ ಇಳಿಜಾರು. ನಡುವೆ ರೆಡಿಮೇಡ್ ಕವರು ಬಂದವು, ಫೋನಿನಲ್ಲಿ ತರಿಸುವ ಗಾಳಿ ಗಾದಿ ಬಂದವು. ಗಿರಾಕಿ ಕಡಿಮೆಯಾದರು. ಹಿಂದಿನವಳ ಬಗ್ಗೆ ಯಾವ ಕಂಪನಿಯೂ ಕೇಳಲಿಲ್ಲ.

ಮಹಾದೇವಿಯ ಗಂಡ ಮಲ್ಲಪ್ಪ ನನ್ನ ಅಂಗಡಿಗೆ ಬಂದದ್ದು ಆ ಗಿರಾಕಿ ಇಲ್ಲದ ದಿನಗಳಲ್ಲಿ. ಇಂಗಳೇಶ್ವರದವನು, ಮೆತ್ತನ್ನ ಮನುಷ್ಯ.

"ಅವ್ವಾರ, ಹಿಂದಿಂದು ಸೀಟು ಮಾಡಿಕೊಡ್ರಿ. ಮುಂದಿಂದು ಹೆಂಗಿದ್ರೂ ನಡಿತೈತಿ."

ಮುಂದಿನದು ಹೇಗಿದ್ದರೂ ನಡೆಯುತ್ತದೆ ಅಂದ ಗಂಡಸನ್ನು ಅವತ್ತೇ ಮೊದಲು ನೋಡಿದ್ದು. ಕೂರಿಸಿ ಕೇಳಿದೆ. ಹೆಂಡತಿಗೆ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಎರಡು ಸಲ ಬಿಜಾಪುರಕ್ಕೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಬಸ್ಸಿಗೆ ಹೋಗಿ ನೋಡಿದರು. ನಸುಕಿನಲ್ಲಿ ಹೋಗುವಾಗ ಸಿಕ್ಕರೆ ಬರುವಾಗ ಸಿಗದು, ಮಷಿನ್ನಿನಿಂದ ಎದ್ದವಳಿಗೆ ನಿಲ್ಲಲಿಕ್ಕೆ ತ್ರಾಣ ಇರುವುದಿಲ್ಲ, ಒಮ್ಮೆ ಬಸ್ ಸ್ಟ್ಯಾಂಡಿನಲ್ಲೇ ಬಿದ್ದಳು. ಸಲಸಲಕ್ಕೂ ಬಾಡಿಗೆ ಜೀಪು ಮಾಡುವ ಮನೆಯಲ್ಲ. ಹಾಗಾಗಿ ಗಾಡಿ.

"ಈಗ ಆಕಿ ಬರಂಗಿಲ್ಲ ಅನ್ನಾಕತ್ತಾಳ್ರಿ. ಸೂಜಿ ಬ್ಯಾನಿ ತಡಿತೇನಿ, ಗಾಡಿ ಬ್ಯಾನಿ ತಡಿಯಂಗಿಲ್ಲ ಅಂತಾಳ. ಒಂದು ಪಾಳಿ ತಪ್ಪಿದ್ರ ಮೈಯೆಲ್ಲ ಬಾವು ಬಂದು ಉಸಿರು ಹತ್ತತೈತಿ. ಎರಡು ತಪ್ಪಿದ್ರ..."

"ಆಕಿನ್ನ ಕರಕೊಂಡು ಬಾ," ಅಂದೆ.

ಕರೆತಂದ. ಎತ್ತರದ ಹೆಂಗಸು, ಮುಖ ಮಾತ್ರ ಬೂದಿಯ ಬಣ್ಣ. ಎಡಗೈ ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಆ ಕೈಯ ನರ ಜೋಡಿಸಿದ್ದರು, ಮಷಿನ್ನಿನ ಸೂಜಿ ಚುಚ್ಚುವುದು ಅಲ್ಲೇ. ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟಳು. ಚರ್ಮದ ಕೆಳಗೆ ಜುಮ್ ಅಂತ ಹರಿಯುತ್ತಿತ್ತು, ಹೊಲಿಗೆ ಮಷಿನ್ನಿಗೆ ಕೈ ಇಟ್ಟ ಹಾಗೆ.

"ಇದು ಇರೂತನ ನಾ ಇರತೇನಿ ಆಯಿ. ಇದಕ್ಕ ಪೆಟ್ಟು ಹತ್ತಬಾರದು, ಭಾರ ಬೀಳಬಾರದು, ಈ ಕೈಲೆ ಏನೂ ಹಿಡಿಬಾರದು ಅಂದಾರ ಡಾಕ್ಟರು."

"ಮತ್ತ ಗಾಡಿಮ್ಯಾಲ ಯಾವ ಕೈಲೆ ಹಿಡಿತಿ?"

"ಇದರಲೇನ ಹಿಡಿಬೇಕಲ್ಲ. ಅಡ್ಡ ಕುಂತ್ರ ಬಲಗೈ ಇವರ ಹೆಗಲಿಗೆ, ಎಡಗೈ ಹಿಂದಿನ ಸರಳಿಗೆ. ತೆಗ್ಗು ಬಂದಾಗ ಬಿಟ್ರ ಬೀಳತೇನಿ, ಹಿಡಿದ್ರ ಸಾಯ್ತೇನಿ."

ನಗುತ್ತಾ ಹೇಳಿದಳು. ಉಸುಕಿನ ಚೀಲ ಹಾಸಿ ಅಡ್ಡ ಕೂರಿಸಿದೆ. ಎಬ್ಬಿಸಿ ನೋಡಿದರೆ ಎರಡು ಕುಣಿ ಇಲ್ಲ. ಒಂದೇ ಕುಣಿ, ಆಳ, ಚೀಲದ ಬಟ್ಟೆ ತಳಕ್ಕೆ ಹತ್ತಿತ್ತು. ಮೈಯ ಭಾರ ಎಲ್ಲ ಆ ಒಂದೇ ಎಲುಬಿನ ಮೇಲೆ.

ಮೊದಲ ಸಲ ಅಡ್ಡ ಕೂರುವುದಕ್ಕೇ ಸೀಟು ಮಾಡಿದೆ. ಇಳಿಜಾರು ತೆಗೆದು ಸಮ ಮಾಡಿದೆ. ತೊಡೆ ಊರಲಿಕ್ಕೆ ಎಡಗಡೆ ಹಲಗೆ ಜೋಡಿಸಿ ಅಗಲ ಮಾಡಿದೆ. ಮೈಬೂಬ ಕಾಲಿಡುವ ಪಟ್ಟಿಯನ್ನು ಎರಡೂ ಪಾದ ಹಿಡಿಯುವಷ್ಟು ಉದ್ದ ಬೆಸುಗೆ ಹಾಕಿಸಿಕೊಟ್ಟ. ಕುಂಡಿಯ ನೋವು ಹೋಯಿತು. ಆದರೆ ಉಬ್ಬು, ತೆಗ್ಗು ಬಂದಲ್ಲೆಲ್ಲ ಎಡಗೈ ಸರಳು ಹಿಡಿಯಲೇಬೇಕು. ಸ್ವಲ್ಪ ದಿನಕ್ಕೆ ಕೈ ಕಪ್ಪಗಾಗಿ ಬಾತಿತು. ಆಸ್ಪತ್ರೆಯಲ್ಲಿ ಬೈದು ಕಳಿಸಿದರು. ಮಹಾದೇವಿ ಮತ್ತೆ ಬರುವುದಿಲ್ಲ ಅಂದಳಂತೆ, ಮಲ್ಲಪ್ಪ ಹೇಗೋ ರಮಿಸಿ ಅಂಗಡಿಗೆ ಕರೆತಂದ.

ನಾನು ನೇರವಾಗಿ ಹೇಳಿದೆ. "ಅಡ್ಡ ಕುಂಡ್ರೂದು ಬಿಡು. ಗಂಡಸರಂಗ ಎರಡೂ ಕಡೆ ಕಾಲು ಹಾಕಿ ಕುಂಡ್ರು. ಹಿಂದ ಒರಗು ಕೊಡತೇನಿ, ಎರಡೂ ಬದಿಗೆ ದಿಂಡು ಏರಿಸಿ ಹೊಲಿತೇನಿ. ಸೀಟ ನಿನ್ನ ಹಿಡಿತೈತಿ, ನೀ ಏನೂ ಹಿಡಿಯೂದು ಬ್ಯಾಡ."

ಅವಳು ಗಂಡನ ಮುಖ ನೋಡಿದಳು. ಅವನು, "ನಂದೇನೈತಿ, ನೀ ಹೆಂಗ ಕುಂತ್ರೂ ನಡಿತೈತಿ," ಅಂದ.

"ನಿಮಗ ನಡಿತೈತಿ. ಮನಗೂಳಿ ನನ್ನ ತವರುಮನಿ. ಅಣ್ಣಗೋಳು, ಕಾಕಾಗೋಳು ರಸ್ತೆಕ್ಕ ಕುಂತಿರತಾರ. ಅವರ ಮುಂದ ಹಂಗ ಹಾದು ಹೋಗ್ಲೇನು?"

"ನಿನ್ನ ಕಾಕಾಗ ಕಿಡ್ನಿ ಕೆಟ್ಟಿಲ್ಲ, ನಿನಗ ಕೆಟ್ಟೈತಿ," ಅಂದೆ. "ಸಾಯೂದಕ್ಕಿಂತ ನಾಚಿಕಿ ದೊಡ್ಡದೇನ?"

"ಆಯಿ, ನೀವು ಕುಂಡ್ರತೀರೇನು ಹಂಗ? ನಿಮ್ಮ ಮಗಳನ್ನೂ ಮನಗೂಳಿಗೇ ಕೊಟ್ಟೀರಿ, ಬೀಗರ ಕಿರಾಣಿ ಅಂಗಡಿ ರಸ್ತೆಕ್ಕ ಐತಿ."

"ಕುಂಡ್ರತೇನಿ. ನನಗೇನು ಯಾರಪ್ಪನ ಅಂಜಿಕಿ?"

ಮೈಬೂಬ ಆ ಕಡೆಯಿಂದ, "ಅಕ್ಕಾ ಗಾಡಿಮ್ಯಾಲ ನಿಂತು ಬೇಕಾದ್ರೂ ಹೋಗ್ತಾಳ, ಆಕಿಗೇನು," ಅಂದ. ಮಹಾದೇವಿ ನಕ್ಕಳು. ಒಪ್ಪಿದಳು.

ನನ್ನ ಕೈಯ ಕೆಲಸದಲ್ಲೇ ಅದು ಒಳ್ಳೆಯದು. ಉಸುಕಿನ ಚೀಲದ ಮೇಲೆ ಎರಡೂ ಕಡೆ ಕಾಲು ಹಾಕಿಸಿ ಕೂರಿಸಿದೆ, ಎರಡು ಕುಣಿ ಸಮನಾಗಿ ಬಿದ್ದವು. ತಳಕ್ಕೆ ಕೌದಿ, ಅದರ ಮೇಲೆ ಬಿಗಿ ಫೋಮು, ಮೇಲೆ ಕಂಬಳಿ. ಬೆನ್ನಿಗೆ ಒರಗು, ಬದಿಗೆ ದಿಂಡು, ತೊಟ್ಟಿಲಲ್ಲಿ ಕೂತ ಹಾಗೆ. ಅವಳು ಹತ್ತಿ ಕೂತು ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಮೈಬೂಬ ಹಿಂದಿನಿಂದ ಗಾಡಿ ಹಿಡಿದು ಜಗ್ಗಾಡಿಸಿದ. ಅವಳು ಅಲುಗಲಿಲ್ಲ.

ಮೊದಲ ವಾರ ಹೋಗಿ ಬಂದು, ಮಲ್ಲಪ್ಪ ಅಂಗಡಿಯ ಮುಂದೆ ನಿಲ್ಲಿಸಿ ಹೇಳಿದ, ಕೈ ಬಾವು ಇಳಿದಿದೆ ಅಂತ. ಆಮೇಲೆ ಅವರು ಹಾದುಹೋಗುವುದು ಕಾಣುತ್ತಿತ್ತು. ನಮ್ಮ ಅಂಗಡಿಯ ಮುಂದೆ ಅವಳು ಯಾವಾಗಲೂ ಅಡ್ಡವೇ ಕೂತಿರುತ್ತಿದ್ದಳು. ನಾನು ಅದನ್ನು ನೋಡಿದೆ. ಊರೊಳಗೆ ಅಷ್ಟು ಅಡ್ಡ ಕೂತರೆ ಏನಾಯಿತು, ಹೊರಗೆ ಹೋಗಿ ಸರಿ ಕೂರುತ್ತಾಳೆ ಅಂದುಕೊಂಡೆ. ಹಾಗೇ ಮಾಡುತ್ತಿದ್ದಳು ಕೂಡ.

ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿ ಕಾಣುವುದು ನಿಂತಿತು. ಆಮೇಲೆ ಸುದ್ದಿ ಬಂತು.

ಮಣ್ಣು, ಮುಂದಿನ ಕಾರ್ಯ ಎಲ್ಲ ಮುಗಿದ ಮೇಲೆ ಮಲ್ಲಪ್ಪ ಬಂದ. ಗಾಡಿ ತಳ್ಳಿಕೊಂಡು ಬಂದ ಹಾಗೆ ನಿಧಾನಕ್ಕೆ ಬಂದು ನಿಲ್ಲಿಸಿದ.

"ಮೊದಲಿನ ಸೀಟು ಹಾಕಿಕೊಡ್ರಿ ಅವ್ವಾರ. ಇದರ ಮ್ಯಾಲ ಕುಂಡ್ರೂವರು ಇಲ್ಲ."

ಹಳೆ ಸೀಟನ್ನು ಮೊಳೆಗೆ ತೂಗುಹಾಕಿದ್ದೆ. ಇಳಿಸಿದೆ. "ಏನಾತು?" ಅಂದೆ.

"ಬಿದ್ಲು."

"ಗಾಡಿ ಓಡಾಗ?"

"ಇಲ್ರಿ. ನಿಂತಿದ್ದ ಗಾಡಿಮ್ಯಾಲಿಂದ."

ಒಂದೊಂದೇ ಹೇಳಿದ. ಇಂಗಳೇಶ್ವರದಿಂದ ಅಡ್ಡ ಕೂತು ಹೊರಡುವಳು. ಊರು ದಾಟಿದ ಮೇಲೆ ಇಳಿದು, ಕಾಲು ಹಾಕಿ ಸರಿ ಕೂರುವಳು. ಬಾಗೇವಾಡಿ ಬರುವ ಮುಂಚೆ ಮತ್ತೆ ಇಳಿದು ಅಡ್ಡ. ಬಾಗೇವಾಡಿ ದಾಟಿ ಮತ್ತೆ ಇಳಿದು ಸರಿ. ಮನಗೂಳಿಯ ಈಚೆ ಒಂದು ಬೇವಿನ ಗಿಡ, ಅಲ್ಲಿ ಇಳಿದು ಅಡ್ಡ. ಆಚೆ ಹೋಗಿ ಸರಿ. ನಡುವೆ ಧಾಬಾದ ಮುಂದೆ ಗುರುತಿನವರು ಕಂಡರೆ ಅಲ್ಲಿಯೂ. ಬರುವಾಗ, ಮಷಿನ್ನಿನಿಂದ ಎದ್ದು ಕಾಲು ನಡುಗುತ್ತಿರುವಾಗಲೂ ಅದೇ.

"ನೀ ಬೈಲಿಲ್ಲೇನು?"

"ಬೈದ್ರ ಅಳತಿದ್ಲು. ಅತ್ರ ಉಸಿರು ಹತ್ತತಿತ್ತು. ಅದಕ್ಕ ಅಂದಲ್ಲಿ ನಿಂದ್ರಸತಿದ್ದೆ."

ಸೀಟು ನಾನು ಒಂದು ರೀತಿ ಕೂರಲಿಕ್ಕೆ ಹೊಲಿದದ್ದು. ಅದರ ಮೇಲೆ ಅಡ್ಡ ಕೂತರೆ ಬದಿಯ ದಿಂಡು ತೊಡೆಗೆ ಒತ್ತುತ್ತದೆ, ಒರಗು ಪಕ್ಕೆಲುಬಿಗೆ ತಿವಿಯುತ್ತದೆ. ಇಳಿಯುವುದಕ್ಕೂ ಆ ಒರಗನ್ನು ದಾಟಿ ಕಾಲು ಎತ್ತಬೇಕು. ಒಂದು ದಿನ ವಾಪಸು ಬರುವಾಗ ಮನಗೂಳಿ ದಾಟಿ, ಬೇವಿನ ಗಿಡದ ಹತ್ತಿರ ಅಡ್ಡದಿಂದ ಸರಿ ಕೂರಲಿಕ್ಕೆ ಹೋಗಿ ಕಾಲು ಒರಗಿಗೆ ತಾಗಿತು. ಎಡಗೈ ಊರಿ ಬಿದ್ದಳು. ಮನೆಗೆ ಬಂದು ಮುಟ್ಟಿ ನೋಡಿಕೊಂಡರೆ ಜುಮ್ ಅನ್ನುವುದು ನಿಂತಿತ್ತು. ಕುತ್ತಿಗೆಗೆ ನಳಿ ಹಾಕುತ್ತೇವೆ, ಬೇರೆ ಕೈಗೆ ಜೋಡಿಸುತ್ತೇವೆ ಅಂದರು ಡಾಕ್ಟರು. ಅದಕ್ಕೆ ಮತ್ತೆ ಓಡಾಡಬೇಕು. ಮಹಾದೇವಿ ಗೋಡೆಯ ಕಡೆ ತಿರುಗಿ ಮಲಗಿದಳಂತೆ. ಇನ್ನು ಗಾಡಿ ಹತ್ತುವುದಿಲ್ಲ ಅಂದದ್ದು ಬಿಟ್ಟರೆ ಬೇರೆ ಮಾತು ಆಡಲಿಲ್ಲವಂತೆ.

ನಾನು ಹಳೆ ಸೀಟು ಹಾಕಿಕೊಟ್ಟೆ. ಮಲ್ಲಪ್ಪ ಒಮ್ಮೆ ಅದರ ಮೇಲೆ ಕೈಯಾಡಿಸಿ, ಹತ್ತಿ ಹೋದ. ಮಹಾದೇವಿಯ ಸೀಟು ನನ್ನ ಮುಂದೆ ನೆಲದ ಮೇಲೆ ಇತ್ತು. ಎಲ್ಲಿ ತಪ್ಪಿದೆ ಅಂತ ಹುಡುಕಿದೆ. ಫೋಮು ಕುಸಿದಿರಲಿಲ್ಲ. ಕಂಬಳಿ ಸವೆದಿರಲಿಲ್ಲ. ಇದಕ್ಕೆ ಇನ್ನೇನು ಹೊಲಿಯಬೇಕಾಗಿತ್ತು ಅಂತ ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ. ಈ ಕೆಲಸ ಕಲಿಯುವವರಿಗೆ ಹೇಳಿಕೊಡಲಿಕ್ಕೆ ನನ್ನ ಹತ್ತಿರ ಅದೊಂದು ಇಲ್ಲ.

ಮರುದಿನ ಬೆಳಿಗ್ಗೆ ಮೈಬೂಬ ಅಂಗಡಿ ತೆಗೆಯುವುದರೊಳಗೆ ಹೋಗಿ ನಿಂತೆ. ಅವನದೂ ಅದೇ ಕಂಪನಿಯ ಗಾಡಿ. ಅವನ ಸೀಟು ಬಿಚ್ಚಿಸಿ ಮಹಾದೇವಿಯದನ್ನು ಹಾಕಿಸಿದೆ.

"ಎಲ್ಲಿಗಕ್ಕಾ?"

"ಬಿಜಾಪುರ ದವಾಖಾನಿ ತನಕ. ಹೋಗಿ ಬರೂದು."

"ಯಾರನ್ನ ನೋಡಾಕ?"

"ಯಾರನ್ನೂ ಅಲ್ಲ. ನಡಿ."

ಅಂಗಡಿಯ ಮುಂದೆಯೇ ಎರಡೂ ಕಡೆ ಕಾಲು ಹಾಕಿ ಕೂತೆ. ಮೊಣಕಾಲು ಮಾತು ಕೇಳಲಿಲ್ಲ, ಮೈಬೂಬ ಪಾದ ಹಿಡಿದು ದಾಟಿಸಿದ. ಎದುರಿನ ಹೋಟೆಲಿನವನು ನೋಡಿದ. ಏನ್ ನೋಡ್ತಿ ಅಂದೆ, ಒಳಗೆ ಹೋದ. ರಸ್ತೆಗೆ ಬಿದ್ದ ಮೇಲೆ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ತೆಗ್ಗು ಬಂದವು, ಉಬ್ಬು ಬಂದವು. ಸೀಟು ನನ್ನನ್ನು ಹಿಡಿದಿತ್ತು. ಎಲ್ಲಿಯೂ ನೋವಿಲ್ಲ. ಹೀಗೆ ಕೂತರೆ ಬಿಜಾಪುರ ಏನು, ಸೊಲ್ಲಾಪುರಕ್ಕೂ ಹೋಗಬಹುದು.

ದೂರದಲ್ಲಿ ಬೇವಿನ ಗಿಡ ಕಂಡಿತು. ಅದರಾಚೆ ಮನಗೂಳಿಯ ಮೊದಲ ಮನೆಗಳು. ಇಷ್ಟೊತ್ತಿಗೆ ಬೀಗರು ಅಂಗಡಿಯ ಕಟ್ಟೆ ಗುಡಿಸಿ, ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾ ಕೂತಿರುತ್ತಾರೆ. ಮಗಳು ಅದೇ ಮನೆಯಲ್ಲಿ ಬಾಳಬೇಕು.

"ಮೈಬೂಬ, ತಡಿ. ಇಲ್ಲಿ ನಿಂದ್ರಸು."

"ಯಾಕಕ್ಕಾ, ಬ್ಯಾನಿ ಆತೇನು?"

"ಇಲ್ಲ. ನಿಂದ್ರಸು ಅಂದ್ನಲ್ಲ."

ಗಿಡದ ಕೆಳಗೆ ನಿಲ್ಲಿಸಿದ. ಒರಗು ದಾಟಿ ಕಾಲು ಎತ್ತಿ ಇಳಿಯುವುದಕ್ಕೆ ಅವನ ಹೆಗಲು ಹಿಡಿಯಬೇಕಾಯಿತು. ಅವನು ನನ್ನ ಮುಖ ನೋಡಲಿಲ್ಲ, ರಸ್ತೆಯ ಕಡೆ ನೋಡುತ್ತಾ ನಿಂತ. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಅಡ್ಡ ಕೂತೆ. ದಿಂಡು ತೊಡೆಗೆ ಒತ್ತಿತು. ಗಾಡಿ ಹೊರಟಿತು. ಎಡಗೈ ತಾನಾಗಿಯೇ ಹೋಗಿ ಹಿಂದಿನ ಸರಳು ಹಿಡಿಯಿತು.